ಕೋವಿ ಲೈಸೆನ್ಸ್ ಅರ್ಜಿ ತಿರಸ್ಕಾರವಾಯಿತೇ? ಮೊದಲು ಕಾರಣ ಕೇಳಿ, 30 ದಿನದೊಳಗೆ ಮೇಲ್ಮನವಿ ಹಾಕಿ

ಲಕೋಟೆ ಒಡೆದು ನೋಡಿದರೆ ಒಳಗೆ ಒಂದೇ ಹಾಳೆ. "ಪೊಲೀಸ್ ವರದಿಯನ್ನು ಪರಿಶೀಲಿಸಲಾಗಿ, ತಮಗೆ ಆಯುಧ ಪರವಾನಗಿ ನೀಡಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ." ಅಷ್ಟೇ. ನಮ್ಮ ಚಿಕ್ಕಪ್ಪನಿಗೆ ಬಂದ ಹಿಂಬರಹ ಹೀಗೇ ಇತ್ತು. ಕಾಡಂಚಿನ ತೋಟ, ಕೊಯ್ಲಿನ ಹೊತ್ತಿಗೆ ರಾತ್ರಿಯೆಲ್ಲ ಹಂದಿ ಕಾಟ. ಅದಕ್ಕೇ ಬೆಳೆ ರಕ್ಷಣೆಗೆಂದು ಕೋವಿ ಕೇಳಿದ್ದರು. ಸಿಗಲಿಲ್ಲ ಎಂದಾಗ ಆ ಹಾಳೆಯನ್ನು ಮಡಚಿ ಪಹಣಿ ಕಟ್ಟಿನೊಳಗೆ ಇಟ್ಟುಬಿಟ್ಟರು. ನಮ್ಮ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಎರಡೂವರೆ ತಿಂಗಳು ಕಳೆದಿತ್ತು. ಮೇಲ್ಮನವಿಗೆ ಇದ್ದದ್ದು 30 ದಿನ.

ಆಮೇಲೆ ಓಡಾಡಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ಆ ಹಾಳೆ ಹಾಗೆ ಕಟ್ಟಿನೊಳಗೆ ಸೇರಬಾರದು.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ. ಅಮೆರಿಕದ ಸಂವಿಧಾನದಲ್ಲಿರುವಂಥ ಹಕ್ಕು ನಮ್ಮಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೂ ನೆನಪಿಸಿದೆ. ಹಾಗಾಗಿ "ಕೋವಿ ನನ್ನ ಹಕ್ಕು" ಎಂದು ವಾದ ಶುರು ಮಾಡಿದರೆ ಅಲ್ಲೇ ನಿಂತುಹೋಗುತ್ತದೆ.

ಆದರೆ ನಿಮ್ಮ ಅರ್ಜಿಯನ್ನು ಕಾನೂನಿನ ಪ್ರಕಾರ ನೋಡಬೇಕು, ಕಾರಣ ಕೊಟ್ಟು ತೀರ್ಮಾನಿಸಬೇಕು ಎಂದು ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಈ ಇಡೀ ಹೋರಾಟ ನಡೆಯುವುದು ಆ ಹಾಳೆಯಲ್ಲಿ ಬರೆದಿರುವ ಕಾರಣದ ಮೇಲೆ, ಅಥವಾ ಬರೆಯದೇ ಬಿಟ್ಟ ಕಾರಣದ ಮೇಲೆ. ನಿಮಗೆ ಕೋವಿ ಎಷ್ಟು ಬೇಕು ಅನ್ನುವುದು ಎರಡನೇ ಮಾತು.

ಹೆಜ್ಜೆ 1: ಆದೇಶ ಓದಿ, ದಿನಾಂಕಕ್ಕೆ ಗುರುತು ಹಾಕಿ

ಆದೇಶದ ಮೇಲಿರುವ ದಿನಾಂಕ ನೋಡಿ. ಅಲ್ಲಿಂದ 30 ದಿನ ಎಣಿಸಿ, ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ಅಂಚೆ ಕೈಸೇರಿದ ದಿನದಿಂದ ಎಣಿಸಲು ಹೋಗಬೇಡಿ, ಅದು ಅಪಾಯ. ಲಕೋಟೆಯನ್ನು ಮಾತ್ರ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆ ಮುಂದೆ ತಡವಾದದ್ದಕ್ಕೆ ಸಾಕ್ಷಿಯಾಗಬಹುದು.

ಆಮೇಲೆ ಸಹಿ ಯಾರದ್ದು ನೋಡಿ. ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯಾಗಿರುವ ಡಿಸಿ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್. ಮೇಲ್ಮನವಿ ಎಲ್ಲಿಗೆ ಹೋಗಬೇಕು ಅನ್ನುವುದು ಈ ಸಹಿಯ ಮೇಲೆ ನಿಂತಿದೆ.

ಇನ್ನು ಕಾರಣ. ಆಯುಧ ಕಾಯ್ದೆ 1959ರ ಸೆಕ್ಷನ್ 14ರಲ್ಲಿ ಲೈಸೆನ್ಸ್ ನಿರಾಕರಿಸಲು ಯಾವ ಕಾರಣಗಳಿವೆ ಎಂದು ಬರೆದಿದೆ. ಸರಳವಾಗಿ ಹೇಳಿದರೆ ಹೀಗೆ: ಕೇಳಿದ್ದು ನಿಷೇಧಿತ ಆಯುಧ; ಕಾನೂನಿನ ಪ್ರಕಾರ ನೀವು ಆಯುಧ ಇಟ್ಟುಕೊಳ್ಳುವಂತಿಲ್ಲ; ಮಾನಸಿಕ ಸ್ಥಿಮಿತವಿಲ್ಲ; ಬೇರೆ ಯಾವುದೋ ಕಾರಣಕ್ಕೆ ನೀವು ತಕ್ಕವರಲ್ಲ; ಅಥವಾ ಸಾರ್ವಜನಿಕ ಶಾಂತಿ, ಸುರಕ್ಷತೆಗೆ ನಿರಾಕರಣೆ ಅಗತ್ಯ. ನಿಮ್ಮ ಹಾಳೆಯಲ್ಲಿರುವ ಕಾರಣ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಒಂದಕ್ಕೂ ಸೇರದಿದ್ದರೆ ನಿಮ್ಮ ಮೇಲ್ಮನವಿಯ ಮೊದಲ ಅಂಶ ಸಿಕ್ಕಿತು.

ಆಸ್ತಿ ಸಾಕಷ್ಟಿಲ್ಲ ಅನ್ನುವುದೊಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಸೆಕ್ಷನ್ 14(2) ನೇರವಾಗಿ ಹೇಳುತ್ತದೆ. ಎರಡೆಕರೆ ರೈತನಿಗೆ "ನಿನಗೇಕಯ್ಯ ಕೋವಿ" ಅಂದರೆ ಈ ಸಾಲು ತೋರಿಸಬಹುದು.

ಹೆಜ್ಜೆ 2: ಕಾರಣವನ್ನು ಬರವಣಿಗೆಯಲ್ಲಿ ಕೇಳಿ

ಇದನ್ನು ಅದೇ ವಾರ ಮಾಡಿ. ನಿರಾಕರಿಸಿದರೆ ಅಧಿಕಾರಿ ಕಾರಣ ಬರೆದಿಡಲೇಬೇಕು, ಅರ್ಜಿದಾರ ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆ ಕೊಡಬೇಕು ಎಂದು ಸೆಕ್ಷನ್ 14(3) ಹೇಳುತ್ತದೆ. ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಅನಿಸಿದರೆ ಮಾತ್ರ ತಡೆಹಿಡಿಯಬಹುದು. ಇಲ್ಲಿ "ಕೇಳಿದರೆ" ಅನ್ನುವ ಪದವೇ ಮುಖ್ಯ. ಕೇಳದಿದ್ದವರಿಗೆ ಅದು ಬರುವುದಿಲ್ಲ. ನಮ್ಮ ಚಿಕ್ಕಪ್ಪ ಕೇಳಿರಲಿಲ್ಲ.

ಒಂದು ಪುಟದ ಪತ್ರ ಸಾಕು. ಅರ್ಜಿ ಸಂಖ್ಯೆ, ಆದೇಶದ ಸಂಖ್ಯೆ, ದಿನಾಂಕ ಬರೆದು, "ಸೆಕ್ಷನ್ 14(3)ರ ಪ್ರಕಾರ ನಿರಾಕರಣೆಯ ಕಾರಣಗಳ ಹೇಳಿಕೆಯನ್ನೂ ಪೊಲೀಸ್ ವರದಿಯ ಪ್ರತಿಯನ್ನೂ ಕೊಡಬೇಕು" ಎಂದು ಕೇಳಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಶಾಖೆಯ ಕೇಸ್ ವರ್ಕರ್ ಬಾಯಲ್ಲಿ ಏನು ಹೇಳಿದರೂ ಅದು ದಾಖಲೆಯಾಗುವುದಿಲ್ಲ.

ಜೊತೆಗೇ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಇದಕ್ಕೆ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ನಿಮ್ಮ ಕಡತದ ಟಿಪ್ಪಣಿ ಹಾಳೆ, ಠಾಣೆಯಿಂದ ಬಂದ ವರದಿ, ಎಸ್‌ಪಿ ಅಭಿಪ್ರಾಯ, ಅರಣ್ಯ ಇಲಾಖೆ ಪತ್ರ ಇದ್ದರೆ ಅದು, ಇವುಗಳ ದೃಢೀಕೃತ ಪ್ರತಿ ಕೇಳಿ.

ಬಹಳ ಜನ ಎಡವುವುದು ಇಲ್ಲೇ. ಆರ್‌ಟಿಐ ಉತ್ತರಕ್ಕೂ 30 ದಿನ, ಮೇಲ್ಮನವಿಗೂ 30 ದಿನ. ಉತ್ತರ ಬರಲಿ ಎಂದು ಕಾಯುತ್ತ ಕೂತರೆ ಮೇಲ್ಮನವಿಯ ಗಡುವು ದಾಟಿರುತ್ತದೆ. ಆದ್ದರಿಂದ ಕೈಯಲ್ಲಿ ಇರುವಷ್ಟರಲ್ಲೇ ಮೇಲ್ಮನವಿ ಹಾಕಿಬಿಡಿ. "ದಾಖಲೆಗಳು ಸಿಕ್ಕ ಮೇಲೆ ಹೆಚ್ಚಿನ ಕಾರಣಗಳನ್ನು ಸಲ್ಲಿಸಲು ಅವಕಾಶ ಕೊಡಬೇಕು" ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ.

ಹೆಜ್ಜೆ 3: ಯಾವ ಕೋವಿ ಕೇಳಿದ್ದೀರಿ ಎಂದು ನೋಡಿ

ಇದೇ ನನಗೆ ಎಲ್ಲಕ್ಕಿಂತ ದೊಡ್ಡ ಪಾಠವಾದ ಭಾಗ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಯ್ದೆಯ ಸೆಕ್ಷನ್ 13(3) ಎಲ್ಲ ಆಯುಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 20 ಇಂಚಿಗೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ, ಭಾರತದ ಪ್ರಜೆಗೆ ಲೈಸೆನ್ಸ್ ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳುವ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು ಬಹುಮಟ್ಟಿಗೆ ಈ ಗುಂಪಿನವೇ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಕೇಳುವ ಆಯುಧವೂ ಇದೇ ಗುಂಪಿಗೆ ಬರುತ್ತದೆ. ಪಿಸ್ತೂಲು, ರಿವಾಲ್ವರ್ ಹಾಗಲ್ಲ. ಅವನ್ನು ಸ್ವರಕ್ಷಣೆಗೆ ಕೇಳಿದರೆ "ಒಳ್ಳೆಯ ಕಾರಣ ಇದೆ" ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆ ಹೊಣೆ ನಿಮ್ಮ ಮೇಲೆ.

ವ್ಯತ್ಯಾಸ ಗೊತ್ತಾಯಿತಲ್ವಾ? ಜೋಡಿ ನಳಿಗೆ ಕೋವಿ ಕೇಳಿದ ರೈತನಿಗೆ "ಜೀವಬೆದರಿಕೆ ಕಂಡುಬಂದಿಲ್ಲ" ಎಂದು ಹಿಂಬರಹ ಬಂದರೆ, ಅಧಿಕಾರಿ ರಿವಾಲ್ವರಿಗೆ ಹಾಕುವ ಅಳತೆಗೋಲನ್ನು ಕೋವಿಗೆ ಹಾಕಿದ್ದಾರೆ ಎಂದು ವಾದಿಸಬಹುದು. ಸೆಕ್ಷನ್ 14ರ ಕಾರಣಗಳು ಇಲ್ಲೂ ಅನ್ವಯಿಸುತ್ತವೆ, ನಿಜ. ಆದರೆ ಆ ಕಾರಣ ಏನೆಂದು ಅವರು ಹೇಳಬೇಕು.

ರಿವಾಲ್ವರ್ ಕೇಳಿದವರು ಬೇರೆ ತಯಾರಿ ಮಾಡಬೇಕು. 2016ರ ಆಯುಧ ನಿಯಮಗಳ ಪ್ರಕಾರ ವ್ಯಾಪಾರ, ಉದ್ಯೋಗದ ಸ್ವರೂಪದಿಂದಲೇ ಜೀವ ಅಥವಾ ಆಸ್ತಿ ಕಾಪಾಡಿಕೊಳ್ಳುವ ನಿಜವಾದ ಅಗತ್ಯ ಇದೆಯೇ ಎಂದು ನೋಡುತ್ತಾರೆ. ನಗದು ಸಾಗಿಸುವ ದಾಖಲೆ, ಹಿಂದೆ ಕೊಟ್ಟ ದೂರಿನ ಎಫ್‌ಐಆರ್, ಬೆದರಿಕೆ ಬಂದ ದಿನದ ಠಾಣೆ ಸ್ವೀಕೃತಿ, ಇಂಥವು ಬೇಕು. ಬರೀ "ಭಯವಿದೆ" ಅಂದರೆ ಸಾಲದು.

ಅಂದಹಾಗೆ, ಕೊಡಗಿನ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅವರ ದಾರಿಯೇ ಬೇರೆ, ಈ ಲೇಖನ ಅವರಿಗಲ್ಲ.

ಹೆಜ್ಜೆ 4: ಪೊಲೀಸ್ ವರದಿಗೆ ಉತ್ತರ ಕಟ್ಟಿ

ಹೆಚ್ಚಿನ ನಿರಾಕರಣೆಗಳು ಠಾಣೆಯ ವರದಿಯ ಮೇಲೆ ನಿಂತಿರುತ್ತವೆ. ಆದರೆ ತೀರ್ಮಾನ ಮಾಡಬೇಕಾದವರು ಠಾಣೆಯವರಲ್ಲ. ಸೆಕ್ಷನ್ 13(2ಎ) ಪ್ರಕಾರ ಲೈಸೆನ್ಸ್ ಅಧಿಕಾರಿಯೇ ವಿಚಾರಣೆ ಮಾಡಿ, ವರದಿಯನ್ನು ಪರಿಗಣಿಸಿ, ತನ್ನ ಬುದ್ಧಿಯಿಂದ ಲಿಖಿತ ಆದೇಶ ಮಾಡಬೇಕು. ವರದಿಯಲ್ಲಿ "ಶಿಫಾರಸು ಮಾಡಿಲ್ಲ" ಎಂದಿದೆ, ಆದ್ದರಿಂದ ಇಲ್ಲ, ಎಂದರೆ ಯೋಚನೆ ಮಾಡಿದ್ದು ಯಾರು?

ಹಳೆಯ ಕೇಸಿನ ವಿಷಯ ಬಂದರೆ ಸೆಕ್ಷನ್ 9 ಓದಿ. 21 ವರ್ಷ ತುಂಬದವರು, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾಗಿ ಅದು ಮುಗಿದು 5 ವರ್ಷ ಕಳೆಯದವರು, ಶಾಂತಿ ಕಾಪಾಡಲು ಮುಚ್ಚಳಿಕೆ ಬರೆದುಕೊಟ್ಟು ಅದರ ಅವಧಿ ಇನ್ನೂ ನಡೆಯುತ್ತಿರುವವರು ಅಲ್ಲಿ ಬರುತ್ತಾರೆ. ಊರಲ್ಲಿ "107 ಕೇಸ್" ಅನ್ನುತ್ತೇವಲ್ಲ, ಆ ಮುಚ್ಚಳಿಕೆಯೇ ಇದು. 2024ರ ಜುಲೈ 1ರಿಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಸೆಕ್ಷನ್ 126. ಗದ್ದೆ ಬದುವಿನ ಜಗಳಕ್ಕೆ ಹಾಕಿದ ಅಂಥ ಮುಚ್ಚಳಿಕೆಯ ಅವಧಿ ಮುಗಿದುಹೋಗಿದ್ದರೆ ಅದನ್ನು ತೋರಿಸುವ ಕಾಗದ ತನ್ನಿ. ಬರೀ ಒಂದು ಕೇಸ್ ಬಾಕಿ ಇದೆ ಅನ್ನುವುದು ತಾನಾಗಿಯೇ ಅನರ್ಹತೆಯಲ್ಲ ಎಂದು ಹಲವು ಹೈಕೋರ್ಟ್‌ಗಳು ಹೇಳಿವೆ. ಕೇಸು ಎಂಥದ್ದು, ಆಯುಧಕ್ಕೂ ಅದಕ್ಕೂ ಸಂಬಂಧವೇನು ಎಂದು ನೋಡಬೇಕು. ಖುಲಾಸೆಯಾಗಿದ್ದರೆ ತೀರ್ಪಿನ ಪ್ರತಿ, ಬಿ ರಿಪೋರ್ಟ್ (ಕೇಸ್ ಮುಂದುವರಿಸಲು ಆಧಾರವಿಲ್ಲ ಎಂದು ಪೊಲೀಸರು ಕೋರ್ಟಿಗೆ ಕೊಡುವ ವರದಿ) ಆಗಿದ್ದರೆ ಅದರ ಪ್ರತಿ ಲಗತ್ತಿಸಿ.

ಆದರೆ ಕೇಸ್ ಇದ್ದರೆ ಮುಚ್ಚಿಡಬೇಡಿ. ವಿಷಯ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ಸೆಕ್ಷನ್ 17ರಡಿ ರದ್ದು ಮಾಡಬಹುದು. ಮೇಲ್ಮನವಿಯಲ್ಲೂ ಒಂದು ಸುಳ್ಳು ಸಿಕ್ಕರೆ ಉಳಿದ ಹತ್ತು ನಿಜವನ್ನು ಯಾರೂ ನಂಬುವುದಿಲ್ಲ.

ಕಾಡಂಚಿನವರು ಇನ್ನೊಂದು ಗಮನಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಸೆಕ್ಷನ್ 34ರ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ನಿಮ್ಮ ಕಡತ ನಿಂತದ್ದು ಠಾಣೆಯಲ್ಲಲ್ಲ, ಅರಣ್ಯ ಇಲಾಖೆಯಲ್ಲಿ ಇರಬಹುದು. ಹಾಗಿದ್ದರೆ ಪೊಲೀಸ್ ವರದಿಯ ಮೇಲೆ ಎಷ್ಟು ವಾದ ಮಾಡಿದರೂ ಪ್ರಯೋಜನವಿಲ್ಲ. ಆ ಒಪ್ಪಿಗೆ ಕೇಳಿದ್ದಾರಾ, ಕೇಳಿದ್ದರೆ ಏನು ಉತ್ತರ ಬಂತು ಎಂದು ಮೊದಲು ತಿಳಿಯಿರಿ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯಬಹುದು ಎಂದೂ ಅಲ್ಲ. ಇದನ್ನು ಮೇಲ್ಮನವಿಯಲ್ಲಿ ನೀವೇ ಹೇಳಿಬಿಟ್ಟರೆ ಅಧಿಕಾರಿಗೂ ನಂಬಿಕೆ ಬರುತ್ತದೆ.

ಹೆಜ್ಜೆ 5: ಮೇಲ್ಮನವಿ

ಸೆಕ್ಷನ್ 18ರ ಮೇಲ್ಮನವಿ ಡಿಸಿ ಆದೇಶದ ಮೇಲಾದರೆ ಸಾಮಾನ್ಯವಾಗಿ ನಿಮ್ಮ ವಿಭಾಗದ ಪ್ರಾದೇಶಿಕ ಆಯುಕ್ತರಿಗೆ, ಪೊಲೀಸ್ ಕಮಿಷನರ್ ಆದೇಶದ ಮೇಲಾದರೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಸರ್ಕಾರವೇ ಮಾಡಿದ, ಅಥವಾ ಸರ್ಕಾರದ ನಿರ್ದೇಶನದ ಮೇಲೆ ಮಾಡಿದ ಆದೇಶಕ್ಕೆ ಮೇಲ್ಮನವಿ ಇಲ್ಲ, ನೇರ ಹೈಕೋರ್ಟೇ ದಾರಿ.

ಮೇಲ್ಮನವಿ ಬರವಣಿಗೆಯಲ್ಲಿರಬೇಕು. ಆದೇಶದ ಪ್ರತಿ, ಕಾರಣದ ಹೇಳಿಕೆ ಕೊಟ್ಟಿದ್ದರೆ ಅದು, ಶುಲ್ಕ ಕಟ್ಟಿದ ಚಲನ್ ಜೊತೆಗಿರಬೇಕು. ಶುಲ್ಕ ಎಷ್ಟು, ಯಾವ ಲೆಕ್ಕಶೀರ್ಷಿಕೆಗೆ ಎಂದು ಅದೇ ಕಚೇರಿಯಲ್ಲಿ ಕೇಳಿ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಹಣ ಕಟ್ಟುವ ಖಜಾನೆ-2ರಲ್ಲಿ ಚಲನ್ ತೆಗೆಯಿರಿ.

ಉದ್ದ ಬೇಡ. ನಾಲ್ಕೈದು ಪುಟ ಸಾಕು. ನೀವು ಯಾರು, ಯಾವ ಕೋವಿ ಕೇಳಿದಿರಿ, ಯಾಕೆ, ಏನಾಯಿತು ಎಂದು ದಿನಾಂಕದ ಕ್ರಮದಲ್ಲಿ ಬರೆದು, ಆಮೇಲೆ ಆದೇಶ ಯಾಕೆ ತಪ್ಪು ಎಂದು ಒಂದೊಂದೇ ಅಂಶ ಬರೆಯಿರಿ. ಉದಾಹರಣೆಗೆ:

"ಸದರಿ ಆದೇಶದಲ್ಲಿ ಪೊಲೀಸ್ ವರದಿಯ ಉಲ್ಲೇಖ ಬಿಟ್ಟು ಬೇರೆ ಕಾರಣವಿಲ್ಲ. ಆ ವರದಿಯ ಪ್ರತಿಯನ್ನು ನನಗೆ ಕೊಟ್ಟಿಲ್ಲ, ಅದಕ್ಕೆ ಉತ್ತರಿಸಲು ಅವಕಾಶವನ್ನೂ ಕೊಟ್ಟಿಲ್ಲ. ನಾನು ಕೇಳಿರುವುದು ಸೆಕ್ಷನ್ 13(3)(ಎ) ವ್ಯಾಪ್ತಿಗೆ ಬರುವ ಕೋವಿ. ಸೆಕ್ಷನ್ 14ರ ಯಾವ ಕಾರಣ ನನಗೆ ಅನ್ವಯಿಸುತ್ತದೆ ಎಂದು ಆದೇಶದಲ್ಲಿ ಹೇಳಿಲ್ಲ."

ಕೊನೆಯಲ್ಲಿ ಏನು ಬೇಕೆಂದು ಸ್ಪಷ್ಟವಾಗಿ ಕೇಳಿ: ಆದೇಶ ರದ್ದು ಮಾಡಿ ಲೈಸೆನ್ಸ್ ಕೊಡಲು ನಿರ್ದೇಶಿಸಬೇಕು, ಇಲ್ಲದಿದ್ದರೆ ನನ್ನ ಮಾತು ಕೇಳಿ ಹೊಸದಾಗಿ ತೀರ್ಮಾನಿಸಲು ನಿಗದಿತ ದಿನದೊಳಗೆ ವಾಪಸ್ ಕಳಿಸಬೇಕು. ಪಹಣಿ, ಬೆಳೆ ಹಾನಿಗೆ ಅರಣ್ಯ ಇಲಾಖೆ ಕೊಟ್ಟ ಪರಿಹಾರದ ಕಾಗದ, ಎಸ್-1 ತರಬೇತಿ ಪ್ರಮಾಣಪತ್ರ, ಎಸ್-3 ವೈದ್ಯಕೀಯ ಪ್ರಮಾಣಪತ್ರ ಇವುಗಳಿಗೆ ಪುಟ ಸಂಖ್ಯೆ ಹಾಕಿ ಲಗತ್ತಿಸಿ. ನಿರಾಕರಣೆಗೆ ಕಾರಣ ಇಂಥದ್ದೊಂದು ಪ್ರಮಾಣಪತ್ರ ಇಲ್ಲದ್ದಷ್ಟೇ ಆಗಿದ್ದರೆ, ಮೇಲ್ಮನವಿಗಿಂತ ಎ-1 ನಮೂನೆಯಲ್ಲಿ ಹೊಸ ಅರ್ಜಿ ಹಾಕುವುದೇ ಬೇಗ.

30 ದಿನ ದಾಟಿದ್ದರೂ ಬಾಗಿಲು ಮುಚ್ಚಿಲ್ಲ. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸಬಹುದು. ವಿಳಂಬ ಮನ್ನಾ ಅರ್ಜಿಯನ್ನೂ ಅಫಿಡವಿಟ್ಟನ್ನೂ ಜೊತೆಗೆ ಹಾಕಿ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಕಾಗದ, ಅಂಚೆ ತಡವಾಗಿದ್ದರೆ ಆ ಲಕೋಟೆ. ನಮ್ಮ ಚಿಕ್ಕಪ್ಪನ ಹತ್ತಿರ ಲಕೋಟೆ ಇರಲಿಲ್ಲ, ಅದಕ್ಕೇ ಮೊದಲ ಹೆಜ್ಜೆಯಲ್ಲೇ ಹೇಳಿದೆ.

ನಿಮ್ಮ ಮಾತು ಕೇಳದೆ ಮೇಲ್ಮನವಿ ತೀರ್ಮಾನಿಸುವಂತಿಲ್ಲ, ಇದು ಕಾಯ್ದೆಯಲ್ಲೇ ಇದೆ. ವಿಚಾರಣೆಯ ದಿನ ತಪ್ಪಿಸಬೇಡಿ. ಹೇಳಬೇಕಾದ್ದನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ, ಅದರ ಪ್ರತಿಯನ್ನು ಅಲ್ಲೇ ಕಡತಕ್ಕೆ ಕೊಡಿ.

ಆದೇಶವೇ ಬರದಿದ್ದರೆ

ಕೆಲವರಿಗೆ ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನಿಯಮದ ಪ್ರಕಾರ ಠಾಣೆಯಿಂದ 30 ದಿನದಲ್ಲಿ ವರದಿ ಬರಬೇಕು, ವರದಿ ಬಂದ 60 ದಿನದಲ್ಲಿ ತೀರ್ಮಾನ ಆಗಬೇಕು. ವರದಿ ಬರದಿದ್ದರೆ ಅದಕ್ಕೆ ಕಾಯದೆ ಆದೇಶ ಮಾಡುವ ಅಧಿಕಾರವೂ ಲೈಸೆನ್ಸ್ ಅಧಿಕಾರಿಗಿದೆ. ಇದನ್ನೆಲ್ಲ ಬರೆದು ಒಂದು ನೆನಪೋಲೆ ಕೊಡಿ. ಅದಕ್ಕೂ ಉತ್ತರವಿಲ್ಲದಿದ್ದರೆ ತೀರ್ಮಾನ ಮಾಡಿ ಎಂದು ನಿರ್ದೇಶಿಸುವಂತೆ ಹೈಕೋರ್ಟಿನಲ್ಲಿ ಮ್ಯಾಂಡಮಸ್ ರಿಟ್ ಕೇಳಬಹುದು.

ಹೆಜ್ಜೆ 6: ಹೈಕೋರ್ಟ್

ಮೇಲ್ಮನವಿ ಪ್ರಾಧಿಕಾರದ ಆದೇಶ ಅಂತಿಮ ಎಂದು ಕಾಯ್ದೆ ಹೇಳುತ್ತದೆ. ಆದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಇರುವ ಅಧಿಕಾರವನ್ನು ಆ ಮಾತು ಕಿತ್ತುಕೊಳ್ಳುವುದಿಲ್ಲ. ನಮ್ಮ ಹೈಕೋರ್ಟಿಗೆ ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ನಿಮ್ಮ ಜಿಲ್ಲೆ ಎಲ್ಲಿಗೆ ಸೇರುತ್ತದೋ ಅಲ್ಲಿ ರಿಟ್ ಹಾಕಬೇಕು.

ಹೈಕೋರ್ಟ್ ಇನ್ನೊಂದು ಲೈಸೆನ್ಸ್ ಕಚೇರಿಯಲ್ಲ. "ನನಗೆ ಕೋವಿ ಬೇಕೋ ಬೇಡವೋ ನೀವೇ ಹೇಳಿ" ಎಂದರೆ ನ್ಯಾಯಮೂರ್ತಿಗಳು ಒಪ್ಪುವುದಿಲ್ಲ. ತೀರ್ಮಾನ ಮಾಡಿದ ರೀತಿ ಸರಿಯಿತ್ತೇ ಎಂದು ಅವರು ನೋಡುತ್ತಾರೆ. ಅಧಿಕಾರ ಇತ್ತೇ? ಕಾರಣ ಕೊಟ್ಟಿದ್ದಾರೆಯೇ? ಬೇಕಾದ್ದನ್ನು ಬಿಟ್ಟು ಬೇಡದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೇ? ನಿಮ್ಮ ಮಾತು ಕೇಳಿದರೇ?

ಇಲ್ಲಿ ನಿಮ್ಮ ಕೈಗೆ ಬಲ ಕೊಡುವ ತೀರ್ಪೊಂದಿದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಆದೇಶದ ಸರಿತಪ್ಪನ್ನು ಅದರಲ್ಲೇ ಬರೆದ ಕಾರಣದಿಂದ ಅಳೆಯಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಎತ್ತಿ ನಿಲ್ಲಿಸುವಂತಿಲ್ಲ. ಒಂದು ಸಾಲಿನ ಹಿಂಬರಹ ಕೊಟ್ಟ ಕಚೇರಿ, ಕೋರ್ಟಿಗೆ ಬಂದ ಮೇಲೆ ಹತ್ತು ಪುಟ ಕಾರಣ ಬರೆದರೆ ನಿಮ್ಮ ವಕೀಲರು ಮೊದಲು ಎತ್ತಬೇಕಾದ್ದು ಇದನ್ನೇ.

ಮೇಲ್ಮನವಿ ಬಿಟ್ಟು ನೇರ ಹೈಕೋರ್ಟಿಗೆ ಹೋಗಬಹುದಾ? ಸಾಮಾನ್ಯವಾಗಿ "ಮೊದಲು ಅಲ್ಲಿಗೆ ಹೋಗಿ" ಎಂದು ವಾಪಸ್ ಕಳಿಸುತ್ತಾರೆ. ಸಹಜ ನ್ಯಾಯದ ಉಲ್ಲಂಘನೆ (ನಿಮ್ಮ ಮಾತು ಕೇಳದೆ ತೀರ್ಮಾನಿಸಿದ್ದು ಇತ್ಯಾದಿ), ಅಧಿಕಾರವೇ ಇಲ್ಲದವರ ಆದೇಶ ಇಂಥ ಸಂದರ್ಭಗಳಲ್ಲಿ ವಿನಾಯಿತಿ ಇದೆ. ಆದರೆ ವಿನಾಯಿತಿ ಸಿಗುತ್ತದೆಂದು ನಂಬಿ 30 ದಿನ ಕಳೆದುಕೊಳ್ಳಬೇಡಿ. ರಿಟ್‌ಗೆ ಇಂತಿಷ್ಟೇ ದಿನ ಎಂದಿಲ್ಲ, ಹಾಗೆಂದು ವರ್ಷಗಟ್ಟಲೆ ಸುಮ್ನೆ ಕೂತರೆ ತಡವಾಯಿತೆಂದೇ ವಜಾ ಆಗಬಹುದು.

ವಕೀಲರ ಖರ್ಚು ಭಾರವಾದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು.

ಇಷ್ಟೆಲ್ಲ ನಡೆಯುವಾಗ ಹಳ್ಳಿಯಲ್ಲಿ ಯಾರೋ "ನಾಡಕೋವಿ ಕೊಡ್ತೀನಿ, ಅಲ್ಲಿವರೆಗೆ ಇಟ್ಕೊ" ಅನ್ನುತ್ತಾರೆ. ದಯವಿಟ್ಟು ಮುಟ್ಟಬೇಡಿ. ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಮೇಲ್ಮನವಿ ಹಾಕಿದ್ದೇನೆ ಅನ್ನುವುದು ಅಲ್ಲಿ ರಕ್ಷಣೆಯಲ್ಲ. ಮೇಲ್ಮನವಿ ಬಾಕಿ ಇರುವಾಗ, ಪ್ರಾಧಿಕಾರ ಬೇರೆ ಹೇಳದಿದ್ದರೆ, ನಿರಾಕರಣೆ ಜಾರಿಯಲ್ಲೇ ಇರುತ್ತದೆ.

ಗೆದ್ದ ಮೇಲೆ

ಗೆದ್ದರೂ ಬಹಳ ಸಲ ಲೈಸೆನ್ಸ್ ನೇರ ಕೈಗೆ ಬರುವುದಿಲ್ಲ. ಹಳೇ ಆದೇಶ ರದ್ದು ಮಾಡಿ, ಇಂತಿಷ್ಟು ವಾರದಲ್ಲಿ ಹೊಸದಾಗಿ ಪರಿಶೀಲಿಸಿ ಎಂದು ಕಡತ ವಾಪಸ್ ಹೋಗುತ್ತದೆ. ದೃಢೀಕೃತ ಪ್ರತಿ ತೆಗೆದುಕೊಂಡು, ಒಂದು ಪತ್ರದ ಜೊತೆ ನೀವೇ ಹೋಗಿ ಟಪಾಲಿನಲ್ಲಿ ಕೊಡಿ, ಸೀಲು ಹಾಕಿಸಿಕೊಳ್ಳಿ. ವಾರಗಳ ಎಣಿಕೆ ಸಾಮಾನ್ಯವಾಗಿ ಪ್ರತಿ ತಲುಪಿದ ದಿನದಿಂದ ಶುರುವಾಗುತ್ತದೆ.

ಏಕಸದಸ್ಯ ಪೀಠದಲ್ಲಿ ಸೋತರೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಇದೆ, ಅದಕ್ಕೂ 30 ದಿನ. ಹೈಕೋರ್ಟ್ ಕೊಟ್ಟ ಗಡುವು ದಾಟಿದರೂ ಕಚೇರಿ ಅಲುಗಾಡದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಅದನ್ನು ಗಡುವು ಮುಗಿದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು.